ಕಾಲೇಜ್ ಡೇಗೆ ಎಯ್ಟೀಸ್ ಅಮೆರಿಕನ್ ಹೈಸ್ಕೂಲ್ ಸ್ಕಿಟ್ ಮಾಡ್ತೀರಾ? ಮೊದ್ಲು ಕಾರಿಡಾರ್ ಕಟ್ಟಿ

ಜನವರಿ ಬಂತು ಅಂದ್ರೆ ತುಮಕೂರಲ್ಲಿ ಕಾಲೇಜ್ ಡೇ ಸೀಸನ್ ಶುರು, ಕಾಸ್ಟ್ಯೂಮ್ ಬಾಡಿಗೆಗೆ ಕೊಡೋರ ಫೋನಿಗೆ ಬಿಡುವಿಲ್ಲ, ಡ್ಯಾನ್ಸ್ ಮೇಷ್ಟ್ರುಗಳಂತೂ ಕೈಗೇ ಸಿಗಲ್ಲ. ಈಗ ಎಲ್ಲಾ ಕಡೆ ಥೀಮ್ ಅಂತ ಒಂದು ಗೀಳು ಬೇರೆ ಹತ್ಕೊಂಡಿದೆ. ಸೆಟ್ ಕೆಲ್ಸ ಮಾಡೋ ನನ್ ಹತ್ರ ಪ್ರತಿ ವರ್ಷ ಯಾವ್ದಾದ್ರೂ ಒಂದು ಗುಂಪು ಬಂದು "ಅಣ್ಣಾ, ನಾವು ಎಯ್ಟೀಸ್ ಅಮೆರಿಕನ್ ಹೈಸ್ಕೂಲ್ ಮಾಡ್ತೀವಿ, ಏನೇನ್ ಬೇಕು ಹೇಳಿ" ಅಂತ ನಿಂತ್ಕೊಳ್ಳುತ್ತೆ. ಕೇಳಿದ್ರೆ ಎಲ್ಲರ ಪ್ಲಾನೂ ಒಂದೇ, ನಾಕು ಗುಂಗುರು ವಿಗ್ಗು, ಕೂಲಿಂಗ್ ಗ್ಲಾಸು, ಬಾಯಿಬಿಟ್ರೆ "ಹೇ ಡ್ಯೂಡ್", ಕೊನೇಗೊಂದು ಡ್ಯಾನ್ಸು. ಅದು ಸ್ಕಿಟ್ ಅಲ್ಲ ಕಣ್ರಪ್ಪ, ಛದ್ಮವೇಷ ಸ್ಪರ್ಧೆ.

ನಾನು ಎಲ್ರಿಗೂ ಮೊದ್ಲು ಹೇಳೋದು ಒಂದೇ ಮಾತು. ನಮ್ ಸ್ಕೂಲಲ್ಲಿ ಹುಡುಗ್ರು ಬೆಂಚಲ್ಲಿ ಕೂತಿರ್ತಾರೆ, ಬೆಲ್ ಹೊಡೆದಾಗ ಮೇಷ್ಟ್ರು ಕ್ಲಾಸಿಂದ ಕ್ಲಾಸಿಗೆ ಓಡಾಡ್ತಾರೆ. ಅಮೆರಿಕದ ಹೈಸ್ಕೂಲಲ್ಲಿ ಉಲ್ಟಾ, ಮೇಷ್ಟ್ರಿಗೆ ಅವರದ್ದೇ ಒಂದು ರೂಮು, ಅವ್ರು ಅಲ್ಲೇ ಇರ್ತಾರೆ, ಬೆಲ್ ಹೊಡೆದ ಕೂಡ್ಲೆ ಇಡೀ ಸ್ಕೂಲಿನ ಹುಡುಗ್ರು ಎದ್ದು ಓಡಾಡ್ತಾರೆ, ಮ್ಯಾತ್ಸ್ ಒಂದು ಕಡೆ, ಬಯಾಲಜಿ ಇನ್ನೊಂದು ಮಹಡೀಲಿ, ಜಿಮ್ ಬಿಲ್ಡಿಂಗಿನ ಆ ತುದೀಲಿ. ಇದೊಂದು ತಲೇಲಿಟ್ಕೊಂಡ್ರೆ ಅರ್ಧ ಸ್ಕಿಟ್ ಆದಂಗೆ. ಯಾಕಂದ್ರೆ ಒಂದು ಪೀರಿಯಡ್ಡಿಗೂ ಇನ್ನೊಂದಕ್ಕೂ ಮಧ್ಯೆ ಸಿಗೋದು ನಾಕೈದು ನಿಮಿಷ ಅಷ್ಟೇ, ಜಗಳ, ಪ್ರೀತಿ, ಗಾಸಿಪ್ಪು, ಹೋಂವರ್ಕ್ ಕಾಪಿ ಹೊಡೆಯೋದು ಎಲ್ಲಾ ಆ ನಾಕೈದು ನಿಮಿಷದಲ್ಲಿ ಕಾರಿಡಾರಲ್ಲೇ ಆಗ್ಬೇಕು. ನಿಮ್ಮ ಸ್ಕಿಟ್ಟಿಗೂ ಕಮಿಟಿಯೋರು ಕೊಡೋದು ಹತ್ತು ಹದಿನೈದು ನಿಮಿಷಾನೇ ತಾನೆ? ಹಂಗಾಗಿ ಸ್ಟೇಜ್ ಮೇಲೆ ಕ್ಲಾಸ್‌ರೂಮ್ ಕಟ್ಟೋಕೆ ಹೋಗ್ಬೇಡಿ, ಕಾರಿಡಾರ್ ಕಟ್ಟಿ. ಕ್ಲಾಸ್ ಬೇಕಾದಾಗ ಒಂದು ಮೂಲೇಲಿ ಐದಾರು ಕುರ್ಚಿ ಹಾಕಿ ಲೈಟ್ ಆ ಕಡೆ ತಿರುಗ್ಸಿದ್ರೆ ಮುಗೀತು.

ಎರಡನೇದು, ಒಂದು ವರ್ಷ ಫಿಕ್ಸ್ ಮಾಡ್ಕೊಳ್ಳಿ. ಎಯ್ಟೀಸ್ ಅಂದ್ರೆ ಹತ್ತು ವರ್ಷ, 1981ರ ಹುಡುಗನೂ 1989ರ ಹುಡುಗನೂ ಒಂದೇ ಥರ ಇರಲ್ಲ. ಹಾಡಿನ ವಿಡಿಯೋ ತೋರ್ಸೋ ಚಾನೆಲ್ ಎಂಟಿವಿ ಶುರುವಾಗಿದ್ದೇ 1981ರ ಆಗಸ್ಟ್ 1ಕ್ಕೆ, ಆಮೇಲೆ ತಾನೆ ಹುಡುಗ್ರು ಟೀವಿ ನೋಡ್ಕೊಂಡು ಕೂದ್ಲು ಬಟ್ಟೆ ಬದಲಾಯಿಸೋಕೆ ಶುರುಮಾಡಿದ್ದು. ಏರ್ ಜೋರ್ಡನ್ ಶೂ ಅಂಗಡಿಗೆ ಬಂದಿದ್ದು 1985. ಬ್ಲೀಚ್ ಹೊಡೆದು ಮೋಡ ಮೋಡ ಆಗಿರೋ ಜೀನ್ಸ್ ಜೋರಾಗಿದ್ದು ದಶಕದ ಕೊನೇ ಭಾಗದಲ್ಲಿ, ಅದನ್ನ 1982ರ ಕಥೇಲಿ ಹಾಕ್ಕೊಂಡ್ರೆ ತಪ್ಪು. ನನ್ನ ಕೇಳಿದ್ರೆ 1985-86ರ ಶಾಲಾ ವರ್ಷ ಇಟ್ಕೊಳ್ಳಿ. ಅಲ್ಲಿ ಸ್ಕೂಲ್ ಶುರುವಾಗೋದು ಆಗಸ್ಟ್ ಕೊನೇಲೋ ಸೆಪ್ಟೆಂಬರ್ ಮೊದಲ ವಾರದಲ್ಲೋ, ಮುಗಿಯೋದು ಮುಂದಿನ ಜೂನ್ ಹೊತ್ತಿಗೆ, ನಮ್ ಥರ ಮಳೆ ಜೊತೆ ಸ್ಕೂಲ್ ಬಾಗ್ಲು ತೆಗೆಯಲ್ಲ. ಕ್ಲಾಸು 9ರಿಂದ 12, ಒಂದೊಂದಕ್ಕೂ ಒಂದು ಹೆಸರು, ಫ್ರೆಶ್‌ಮನ್, ಸಾಫಮೋರ್, ಜೂನಿಯರ್, ಸೀನಿಯರ್. ಅಂದ್ರೆ ನಮ್ ಒಂಬತ್ತನೇ ಕ್ಲಾಸಿನ ಪಿಳ್ಳೆಯಿಂದ ಹಿಡಿದು ಸೆಕೆಂಡ್ ಪಿಯು ದಾಂಡಿಗನ ತನಕ ಒಂದೇ ಬಿಲ್ಡಿಂಗಲ್ಲಿ. ಪುಟ್ಟ ದೇಹದ ಒಬ್ಬನ್ನ ಫ್ರೆಶ್‌ಮನ್ ಮಾಡಿ, ಎತ್ತರದೋನನ್ನ ಸೀನಿಯರ್ ಮಾಡಿ, ಅವರಿಬ್ರು ಲಾಕರ್ ಅಕ್ಕಪಕ್ಕ ಕೊಡಿ, ಕಾಮಿಡಿ ತಾನಾಗೇ ಹುಟ್ಟುತ್ತೆ.

ಈಗ ಲಾಕರ್ ವಿಷ್ಯ. ಇದಕ್ಕೆ ಟೈಮ್ ಕೊಡಿ, ಉಳಿದಿದ್ದಕ್ಕೆ ಕಮ್ಮಿ ಆದ್ರೂ ಪರ್ವಾಗಿಲ್ಲ. ಗೋಡೆ ಉದ್ದಕ್ಕೂ ಸಾಲಾಗಿ ನಿಂತಿರೋ ಸಣ್ಣ ಅಗಲದ ಕಬ್ಬಿಣದ ಬೀರುಗಳು, ಒಂದು ಬಾಗಿಲು ಹೆಚ್ಚುಕಮ್ಮಿ ಒಂದಡಿ ಅಗಲ, ಮೇಲೆ ಗಾಳಿ ಆಡೋಕೆ ಅಡ್ಡಡ್ಡ ಸೀಳು, ಒಂದು ನಂಬರ್ ತಗಡು. ಎಲ್ಲಾ ಲಾಕರಿಗೂ ಒಂದೇ ಬಣ್ಣ ಇರ್ಲಿ, ಬೂದು, ನೀಲಿ, ಕಿತ್ತಳೆ, ಯಾವ್ದಾದ್ರೂ. ಕಾಮನಬಿಲ್ಲು ಮಾಡ್ಬೇಡಿ. ಹಿಂದಿನ ಸಾಲಿಗೆ ಮಂಡಿಪೇಟೆ ಅಂಗಡಿಗಳಲ್ಲಿ ಬಿದ್ದಿರೋ ದೊಡ್ಡ ರಟ್ಟಿನ ಡಬ್ಬ ಸಾಕು, ಬಿಚ್ಚಿ ಹಲಗೆ ಥರ ಮಾಡಿ, ಮರದ ರೀಪರ್ ಹೊಡೆದು ನಿಲ್ಲಿಸಿ, ಡಿಸ್ಟೆಂಪರ್ ಬಳೀರಿ. ಥರ್ಮೊಕೋಲ್ ಬೇಡ, ಫ್ಯಾನ್ ಗಾಳಿಗೆ ಅಲ್ಲಾಡುತ್ತೆ, ಯಾರಾದ್ರೂ ಒರಗಿದ್ರೆ ಅಲ್ಲಿಗೆ ಸ್ಕಿಟ್ ಮುಗೀತು. ಆದ್ರೆ ಮುಂದೆ ಎರಡು ಲಾಕರಾದ್ರೂ ನಿಜವಾದ ತಗಡಿಂದೇ ಇರ್ಬೇಕು, ಯಾಕಂದ್ರೆ ಆ ಬಾಗ್ಲು "ಧಡ್" ಅಂತ ಮುಚ್ಚೋ ಸದ್ದೇ ಅಮೆರಿಕನ್ ಸ್ಕೂಲು. ಕಾಲೇಜ್ ಆಫೀಸಲ್ಲಿ ಹಳೇ ಸ್ಟೀಲ್ ಬೀರು ಇರುತ್ತಲ್ಲ, ಅಟೆಂಡರ್ ಅಣ್ಣನಿಗೆ ಮಸ್ಕಾ ಹೊಡೆದು ಒಂದಿನಕ್ಕೆ ತಗೊಳ್ಳಿ, ಇಲ್ಲಾಂದ್ರೆ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾ ಕಡೆ ಶೀಟ್ ಮೆಟಲ್ ಕೆಲ್ಸ ಮಾಡೋರನ್ನ ಕೇಳಿ, ಕಟ್ ಆದ ಪೀಸಲ್ಲಿ ಎರಡು ಬಾಗ್ಲು ಮಾಡ್ಕೊಟ್ರೆ ಕೀಲು ನೀವೇ ಹೊಡ್ಕೋಬಹುದು. ಗುಬ್ಬಿ ಕಂಪನಿಯೋರು ಆನೇನೇ ರಂಗದ ಮೇಲೆ ತಂದ ಜಿಲ್ಲೆ ನಮ್ದು, ಎರಡು ಬೀರು ತರೋಕೆ ಏನ್ ದಾಡಿ!

ಬೀಗದ ಬಗ್ಗೆ ಸ್ವಲ್ಪ ಗಮನ ಇಟ್ಟು ಓದಿ. ಅಲ್ಲಿ ಕೀಲಿಕೈ ಇಲ್ಲ, ಮುಂದೆ ದುಂಡಗೆ ಒಂದು ಡಯಲ್ಲು, ಅದ್ರಲ್ಲಿ 0ರಿಂದ 39ರ ತನಕ ನಂಬರು, ಪ್ರತಿಯೊಬ್ರಿಗೂ ಮೂರು ನಂಬರಿನ ಒಂದು ಗುಟ್ಟು. ತೆಗೆಯೋ ವಿಧಾನ ಹಿಂಗೆ: ಬಲಕ್ಕೆ ಮೂರು ಸುತ್ತು ಜೋರಾಗಿ ತಿರುಗಿಸಿ ಮೊದಲ ನಂಬರಿಗೆ ನಿಲ್ಲಿಸ್ಬೇಕು, ಆಮೇಲೆ ಎಡಕ್ಕೆ ತಿರುಗಿಸ್ತಾ ಆ ಮೊದಲ ನಂಬರನ್ನ ಒಂದ್ಸಲ ದಾಟಿ ಮುಂದೆ ಹೋಗಿ ಎರಡನೇ ನಂಬರಿಗೆ, ಮತ್ತೆ ಬಲಕ್ಕೆ ಸೀದಾ ಮೂರನೇ ನಂಬರಿಗೆ, ಎಳೆದ್ರೆ ಟಕ್ ಅಂತ ಬಿಚ್ಕೊಳ್ಳುತ್ತೆ. ಎರಡ್ಮೂರು ಗೀಟು ಆಚೀಚೆ ಆದ್ರೆ ಬಿಚ್ಚಲ್ಲ, ಮತ್ತೆ ಮೊದಲಿಂದ. ಇದನ್ನ ನಟರು ಕಣ್ಮುಚ್ಚಿ ಮಾಡೋ ಹಂಗೆ ಪ್ರಾಕ್ಟೀಸ್ ಮಾಡ್ಬೇಕು, ಮಾತಾಡ್ತಾ ಮಾತಾಡ್ತಾ ಕೈ ತನ್ನಷ್ಟಕ್ಕೆ ಬಲ, ಎಡ, ಬಲ ತಿರುಗ್ಬೇಕು. ಸೀನಿಯರ್ ನೋಡ್ದೇನೇ ತೆಗೀತಾನೆ, ಪಾಪ ಫ್ರೆಶ್‌ಮನ್ ಕೈ ನಡುಗಿಸ್ಕೊಂಡು ಬೆಲ್ ಹೊಡೆದ್ರೂ ತೆಗೆಯೋಕಾಗದೆ ನಿಂತಿರ್ತಾನೆ. ಡೈಲಾಗೇ ಬೇಡ, ಸಭೆ ನಗುತ್ತೆ. ಡಯಲ್ಲಿಗೆ ಹಾರ್ಲಿಕ್ಸ್ ಬಾಟ್ಲಿ ಮುಚ್ಚಳಕ್ಕೆ ಕಪ್ಪು ಬಣ್ಣ ಹಚ್ಚಿ ಬಿಳಿ ಗೀಟು ಎಳೆದ್ರೆ ಹಿಂದಿನ ಸಾಲಿಗೂ ಕಾಣುತ್ತೆ. ಬಾಗಿಲ ಒಳಗಡೆ ಏನಿರುತ್ತೆ ಅನ್ನೋದೂ ಮುಖ್ಯ, ಒಂದು ಚಿಕ್ಕ ಕನ್ನಡಿ, ಮ್ಯಾಗಝಿನಿಂದ ಕತ್ತರಿಸಿದ ಪೋಸ್ಟರು, ಟೈಮ್ ಟೇಬಲ್ಲು, ಜಿಮ್ ಶೂ. ಹುಡುಗಿ ಕನ್ನಡೀಲಿ ಕೂದ್ಲು ಸರಿಮಾಡ್ಕೊಳ್ತಾ ಹಿಂದೆ ಯಾರು ಬರ್ತಿದಾರೆ ಅಂತ ನೋಡೋದು, ಮಾತಿಲ್ಲದೇನೇ ಮಾಡೋಕೆ ಒಂದು ಒಳ್ಳೇ ನಟನೆ.

ದಿನ ಶುರುವಾಗೋದು ಹೋಂರೂಮಿಂದ, ಬೆಳಗ್ಗೆ ಏಳೂವರೆ ಎಂಟರ ಹೊತ್ತಿಗೇ. ಹಾಜರಿ ಅಲ್ಲೇ ತಗೊಳ್ತಾರೆ, ಗೋಡೆ ಮೇಲಿನ ಸ್ಪೀಕರಲ್ಲಿ ಆಫೀಸಿಂದ ಅನೌನ್ಸ್‌ಮೆಂಟ್ ಬರುತ್ತೆ, ಇವತ್ತು ಊಟಕ್ಕೇನು, ಶುಕ್ರವಾರ ಯಾರ ಮೇಲೆ ಮ್ಯಾಚು, ಚೆಸ್ ಕ್ಲಬ್ ಎಲ್ಲಿ ಸೇರುತ್ತೆ, ಇಂಥವು. ಬಹಳ ಸ್ಕೂಲಲ್ಲಿ ಎದ್ದು ನಿಂತು ಬಾವುಟದ ಕಡೆ ತಿರುಗಿ ಬಲಗೈ ಎದೆ ಮೇಲಿಟ್ಟು ಪ್ಲೆಡ್ಜ್ ಹೇಳ್ತಾರೆ. ಇದ್ರಲ್ಲಿ ಒಂದು ವಿಶೇಷ ಇದೆ, ಯಾರಿಗಾದ್ರೂ ಇಷ್ಟ ಇಲ್ಲಾಂದ್ರೆ ಬಲವಂತ ಮಾಡೋ ಹಂಗಿಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1943ರಲ್ಲೇ ತೀರ್ಪು ಕೊಟ್ಟಿದೆ. ನಿಮ್ ಸ್ಕಿಟ್ಟಲ್ಲಿ ಒಬ್ಬ ಹುಡುಗ ಮಾತ್ರ ಕೂತೇ ಇದ್ರೆ, ಪಕ್ಕದೋರು ಅವನನ್ನ ನೋಡೋ ನೋಟದಲ್ಲೇ ಒಂದು ಕಥೆ ಸಿಕ್ಕುತ್ತೆ. ಶುರುವಿನ ನಿರೂಪಣೆ ನೀವೇ ಕೊಡೋ ಬದ್ಲು ಈ ಸ್ಪೀಕರ್ ದನಿಗೆ ಹೇಳಿಸಿ, "1986ನೇ ಇಸವಿ ಅಮೆರಿಕ ದೇಶದ ಒಂದು ಶಾಲೆ" ಅಂತ ಆ್ಯಂಕರ್ ಹುಡುಗಿ ಓದೋದಕ್ಕಿಂತ ಎಷ್ಟೋ ಮೇಲು.

ಕ್ಲಾಸಿನ ಮೂಲೆಗೆ ಬೆಂಚ್ ಹಾಕ್ಬೇಡಿ. ಅಲ್ಲಿ ಒಬ್ಬೊಬ್ರಿಗೆ ಒಂದೊಂದು ಕುರ್ಚಿ, ಬಲಗಡೆ ಕೈಗೆ ಅಂಟಿಕೊಂಡಂಗೆ ಬರೆಯೋ ಹಲಗೆ, ನಮ್ ಟ್ಯುಟೋರಿಯಲ್‌ಗಳಲ್ಲಿ ಇರುತ್ತಲ್ಲ ಅಂಥವೇ, ಸುಲಭವಾಗಿ ಸಿಗುತ್ತೆ. ಎಡಗೈಯಲ್ಲಿ ಬರೆಯೋ ಹುಡುಗ ಅದ್ರಲ್ಲಿ ಒದ್ದಾಡೋದು ಬೇಕಾದ್ರೆ ತೋರಿಸಿ. ಗೋಡೆಗೆ ಸ್ಕ್ರೂ ಹಾಕಿ ಕೂರಿಸಿರೋ, ಹಿಡಿ ತಿರುಗಿಸೋ ಪೆನ್ಸಿಲ್ ಶಾರ್ಪ್ನರ್ ಒಂದು ಇರ್ಲಿ, ಯಾರಿಗಾದ್ರೂ ಚೀಟಿ ಕೊಡ್ಬೇಕು ಅಂದ್ರೆ ಪೆನ್ಸಿಲ್ ಜೀವೋ ನೆಪದಲ್ಲಿ ಎದ್ದು ಅವರ ಪಕ್ಕ ಹಾದು ಹೋಗೋದು. ಮೇಷ್ಟ್ರು ಒಳಗೆ ಬಂದಾಗ ಯಾರೂ ಎದ್ದು "ನಮಸ್ತೇ ಸಾರ್" ಅಂತ ರಾಗ ಎಳೆಯಲ್ಲ, ಇದು ನಮ್ ಹುಡುಗ್ರಿಗೆ ಕಷ್ಟ, ರಿಹರ್ಸಲಲ್ಲಿ ಅಭ್ಯಾಸಬಲದಿಂದ ಎದ್ದೇ ಬಿಡ್ತಾರೆ. ಕರೆಯೋದು ಮಿಸ್ಟರ್ ಇಂಥೋರು, ಮಿಸೆಸ್ ಇಂಥೋರು ಅಂತ ಮನೆತನದ ಹೆಸರಿಡಿದು, ಮಿಸ್ಟರ್ ಬಾಬ್ ಅಂತಲ್ಲ. ಮೇಷ್ಟ್ರು ಮೇಜಿನ ಅಂಚಿಗೆ ಒರಗಿ ಕಾಫಿ ಮಗ್ ಹಿಡ್ಕೊಂಡು ಪಾಠ ಮಾಡ್ಲಿ, ಅದೂ ನಡೆಯುತ್ತೆ.

ಹಂಗಂತ ಅಮೆರಿಕ ಅಂದ್ರೆ ಶಿಸ್ತೇ ಇಲ್ಲ ಅಂದ್ಕೋಬೇಡಿ. ಪೀರಿಯಡ್ ಮಧ್ಯೆ ಕಾರಿಡಾರಲ್ಲಿ ಓಡಾಡ್ಬೇಕು ಅಂದ್ರೆ ಹಾಲ್ ಪಾಸ್ ಬೇಕು, ಟಾಯ್ಲೆಟ್ಟಿಗೆ ಹೋಗೋಕೂ. ಕೆಲವು ಮೇಷ್ಟ್ರು ಕಳೆದುಹೋಗ್ಬಾರ್ದು ಅಂತ ದೊಡ್ಡ ಮರದ ತುಂಡನ್ನೇ ಪಾಸ್ ಮಾಡಿ ಕೊಡ್ತಿದ್ರು, ಸ್ಟೇಜಿಗೆ ಅದನ್ನೇ ಬಳಸಿ, ಚೀಟಿ ಯಾರಿಗೂ ಕಾಣಲ್ಲ. ತಡವಾಗಿ ಬಂದ್ರೆ, ತರಲೆ ಮಾಡಿದ್ರೆ ಡಿಟೆನ್ಷನ್, ಸ್ಕೂಲ್ ಬಿಟ್ಟ ಮೇಲೆ ಸುಮ್ನೆ ಒಂದು ರೂಮಲ್ಲಿ ಕೂರ್ಬೇಕು. ಇನ್ನು ಏಟಿನ ವಿಷ್ಯ, ನಮ್ಮೋರು ಅಲ್ಲಿ ಹೊಡೆಯೋದೇ ಇಲ್ಲ ಅಂತ ತಿಳ್ಕೊಂಡಿರ್ತಾರೆ. ನ್ಯೂಜೆರ್ಸಿಯಂಥ ಕಡೆ 1867ರಲ್ಲೇ ನಿಷೇಧ ಆಗಿತ್ತು ನಿಜ, ಆದ್ರೆ ಎಷ್ಟೋ ರಾಜ್ಯಗಳಲ್ಲಿ, ಅದ್ರಲ್ಲೂ ದಕ್ಷಿಣದ ಕಡೆ, ಎಯ್ಟೀಸಲ್ಲೂ ಪ್ರಿನ್ಸಿಪಾಲ್ ರೂಮಲ್ಲಿ ಪ್ಯಾಡಲ್ ಅನ್ನೋ ಚಪ್ಪಟೆ ಮರದ ಹಲಗೆ ನೇತಾಡ್ತಿತ್ತು, ಹಿಂದಕ್ಕೆ ತಿರುಗಿ ಬಗ್ಗಿಸಿ ಬಾರಿಸ್ತಿದ್ರು. ಸುಪ್ರೀಂ ಕೋರ್ಟೇ 1977ರಲ್ಲಿ ಅದು ಸಂವಿಧಾನಕ್ಕೆ ವಿರುದ್ಧ ಅಲ್ಲ ಅಂದಿತ್ತು. ಟೆಕ್ಸಾಸ್‌ನಲ್ಲಿ ಕಥೆ ಇಟ್ರೆ ಪ್ಯಾಡಲ್ ತೋರ್ಸಿ, ನ್ಯೂಜೆರ್ಸಿಲಿ ಇಟ್ರೆ ತೋರಿಸ್ಬೇಡಿ.

ಪುಸ್ತಕ ಕೈಲಿ ಹಿಡ್ಕೊಳ್ಳೋದು, ಹುಡುಗಿಯರು ಎದೆಗೆ ಒತ್ಕೊಂಡು, ಹುಡುಗ್ರು ಸೊಂಟದ ಪಕ್ಕ. ಬ್ಯಾಗ್ ಇದ್ರೂ ಒಂದೇ ಹೆಗಲಿಗೆ, ಎರಡೂ ಹೆಗಲಿಗೆ ಹಾಕ್ಕೊಂಡೋನನ್ನ ಆಡ್ಕೊಂಡು ನಗ್ತಿದ್ರು. ಸರ್ಕಾರಿ ಶಾಲೇನೇ ಅಲ್ಲಿ ಪಬ್ಲಿಕ್ ಸ್ಕೂಲು, ಫೀಸಿಲ್ಲ, ಪಠ್ಯಪುಸ್ತಕ ಸ್ಕೂಲಿಂದು, ವರ್ಷದ ಕೊನೇಗೆ ವಾಪಸ್ ಕೊಡ್ಬೇಕು. ಹಂಗಾಗಿ ಮೊದಲ ವಾರ ಕಿರಾಣಿ ಅಂಗಡಿಯ ಕಂದು ಕಾಗದದ ಚೀಲ ಕತ್ತರಿಸಿ ಬೈಂಡ್ ಹಾಕೋದು, ಆ ಬೈಂಡ್ ಮೇಲೆಲ್ಲಾ ಬ್ಯಾಂಡ್ ಹೆಸರು, ಹುಡುಗೀರ ಹೆಸರು ಗೀಚೋದು. ರಟ್ಟಿನ ಒಳಗಡೆ ಒಂದು ಸೀಲು, ಅದ್ರಲ್ಲಿ ಹಿಂದೆ ಆ ಪುಸ್ತಕ ಇಟ್ಕೊಂಡಿದ್ದೋರ ಹೆಸರು ವರ್ಷಾನುಕ್ರಮದಲ್ಲಿ ಬರೆದಿರುತ್ತೆ. ಕಥೆ ಹುಡುಕ್ತಿರೋರಿಗೆ ಇದು ಬಂಗಾರ, ಅಣ್ಣ ಐದು ವರ್ಷದ ಹಿಂದೆ ಓದಿದ್ದ ಪುಸ್ತಕಾನೇ ತಮ್ಮನಿಗೆ ಬರೋದು, ಅದ್ರ ಅಂಚಲ್ಲಿ ಅಣ್ಣ ಯಾರಿಗೋ ಬರೆದ ಸಾಲು ಸಿಗೋದು, ಹಂಗೆ ಏನಾದ್ರೂ. ಟೆಸ್ಟ್ ಪೇಪರ್ ಝೆರಾಕ್ಸ್ ಬಿಳಿ ಹಾಳೇಲಿ ಬೇಡ, ಅಲ್ಲಿ ಡಿಟ್ಟೋ ಅಂತ ಮಷೀನು, ಅಕ್ಷರ ನೇರಳೆ ಬಣ್ಣ, ಆಗ್ತಾನೇ ತೆಗೆದ ಹಾಳೆಗೆ ಸ್ಪಿರಿಟ್ ವಾಸ್ನೆ. ಪೇಪರ್ ಕೈಗೆ ಬಂದ ಕೂಡ್ಲೆ ಇಡೀ ಕ್ಲಾಸು ಮೂಗಿಗೆ ಹಿಡಿದು ಮೂಸೋದು ಆ ಕಾಲದವರಿಗೆಲ್ಲಾ ಗೊತ್ತಿರೋ ವಿಷ್ಯ. ಎಲ್ಲರೂ ಒಟ್ಟಿಗೆ ಮೂಸಿ, ಆಮೇಲೆ ಪ್ರಶ್ನೆ ಓದಿ ಒಟ್ಟಿಗೆ ಮುಖ ಸಣ್ಣ ಮಾಡ್ಕೊಳ್ಳಿ.

ಮಾರ್ಕ್ಸ್ ಅಂದ್ರೆ ಎ, ಬಿ, ಸಿ, ಡಿ, ಎಫ್. ನಮ್ ಎಸ್ಸೆಸ್ಸೆಲ್ಸಿ ಥರ ಒಂದೇ ಏಟಿಗೆ ಹಣೆಬರಹ ಬರೆಯೋ ಬೋರ್ಡ್ ಎಕ್ಸಾಮ್ ಸಾಮಾನ್ಯವಾಗಿ ಇಲ್ಲ, ವರ್ಷಪೂರ್ತಿ ಗ್ರೇಡು ಸೇರ್ತಾ ಹೋಗುತ್ತೆ. ಕಾಲೇಜಿಗೆ ಹೋಗೋರು ಎಸ್ಎಟಿ ಅನ್ನೋ ಪ್ರವೇಶ ಪರೀಕ್ಷೆ ಬರೀತಿದ್ರು, ಆಗ ಅದು ಇಂಗ್ಲಿಷ್ ಮತ್ತೆ ಮ್ಯಾತ್ಸ್ ಎರಡೇ ಭಾಗ, ಒಟ್ಟು 1600ಕ್ಕೆ. "ಡಿಸ್ಟಿಂಕ್ಷನ್ ಬಂತು", "ರ‍್ಯಾಂಕ್ ಬಂತು" ಅನ್ನೋ ಡೈಲಾಗ್ ಬಂದ್ರೆ ಹೊಡೆದು ಹಾಕಿ.

ಊಟದ ಸೀನ್ ಇಟ್ರೆ ತಟ್ಟೆ ಮುಖ್ಯ. ಹಾಸ್ಟೆಲಲ್ಲಿ ಇರೋ ಹಳ್ಳದ ತಟ್ಟೆ ಇದ್ಯಲ್ಲ, ಅದೇ ಆಕಾರದ ಪ್ಲಾಸ್ಟಿಕ್ ತಟ್ಟೆ, ಅದ್ರಲ್ಲಿ ಆಯತಾಕಾರದ ಪಿಝ್ಝಾ (ದುಂಡಗಿಂದಲ್ಲ, ದೊಡ್ಡ ತಟ್ಟೇಲಿ ಬೇಯಿಸಿ ಆಯತಕ್ಕೆ ಕೊಯ್ದಿದ್ದು), ಆಲೂಗಡ್ಡೆ ತುರಿದು ಉಂಡೆಮಾಡಿ ಕರಿದ ಟೇಟರ್ ಟಾಟ್ಸು, ಮತ್ತೆ ಮೇಲ್ಗಡೆ ಗೋಪುರದ ಥರ ಮಡಚಿದ ಚಿಕ್ಕ ಹಾಲಿನ ಪೊಟ್ಟಣ. ಪೊಟ್ಟಣ ಚಾರ್ಟ್ ಪೇಪರಲ್ಲಿ ಮಾಡಿ. 1981ರಲ್ಲಿ ಅಧ್ಯಕ್ಷ ರೇಗನ್ ಸರ್ಕಾರ ಶಾಲೆ ಊಟದ ಖರ್ಚು ಉಳಿಸೋಕೆ ಹೊಸ ನಿಯಮದ ಕರಡು ಮಾಡಿತ್ತು, ಹಿಂಗಾದ್ರೆ ಕೆಚಪ್ಪನ್ನೂ ತರಕಾರಿ ಲೆಕ್ಕಕ್ಕೆ ಸೇರಿಸ್ತಾರೆ ಅಂತ ಇಡೀ ದೇಶ ಆಡ್ಕೊಂಡು, ಕೊನೇಗೆ ವಾಪಸ್ ತಗೊಂಡ್ರು. ಬಿಸಿಯೂಟದ ಸಾಂಬಾರಲ್ಲಿ ತರಕಾರಿ ಹುಡುಕಿದ ನಮ್ ಜನಕ್ಕೆ ಆ ಜೋಕು ವಿವರಿಸೋದೇ ಬೇಡ, ಒಬ್ಬ ಕೆಚಪ್ ತೋರ್ಸಿ "ತರಕಾರಿ ಹಾಕ್ಕೊಳ್ಳೋ" ಅಂದ್ರೆ ಸಾಕು. ಊಟದ ಮನೇಲಿ ಯಾರು ಯಾವ ಮೇಜಲ್ಲಿ ಕೂರ್ತಾರೆ ಅನ್ನೋದೇ ದೊಡ್ಡ ರಾಜಕೀಯ. ಹೊಸದಾಗಿ ಸೇರಿದ ಹುಡುಗಿ ತಟ್ಟೆ ಹಿಡ್ಕೊಂಡು ಎಲ್ಲಿ ಕೂರೋದು ಅಂತ ಗೊತ್ತಾಗದೆ ನಿಂತಿರೋದು, ಇದನ್ನ ಅರ್ಧ ನಿಮಿಷ ಹಂಗೇ ಎಳೀರಿ.

ಬಟ್ಟೆ. ಬಾಡಿಗೆ ಅಂಗಡೀಲಿ "ರೆಟ್ರೋ ಕಾಸ್ಟ್ಯೂಮ್" ಅಂತ ಕೊಡೋದು ಬಹುಪಾಲು ಡಿಸ್ಕೋ ಬಟ್ಟೆ, ಅದು ಬೇಡ. ಸ್ಕೂಲಿಗೆ ಮಿನುಗೋ ಶರ್ಟ್ ಹಾಕ್ಕೊಂಡು ಯಾರು ಬರ್ತಾರೆ? ಯೂನಿಫಾರ್ಮ್ ಇಲ್ದೇ ಇರೋದ್ರಿಂದ ಜೀನ್ಸು, ಚೌಕಳಿ ಶರ್ಟು, ಕಾಲರ್ ಎತ್ತಿದ ಪೋಲೋ ಟೀ ಶರ್ಟು, ಅಂಕಣ ಅಂಕಣದ ಸ್ವೆಟರು, ಕ್ಯಾನ್ವಾಸ್ ಶೂ. ಅಪ್ಪ, ಚಿಕ್ಕಪ್ಪಂದಿರ ಹಳೇ ಟ್ರಂಕ್ ಹುಡುಕಿದ್ರೆ ಅರ್ಧ ಅಲ್ಲೇ ಸಿಗುತ್ತೆ. ಹುಡುಗೀರಿಗೆ ಭುಜಕ್ಕೆ ಪ್ಯಾಡ್ ಕೊಟ್ಟ ಟಾಪು, ದೊಡ್ಡ ಕಿವಿಯೋಲೆ, ಮುಂದಲೆ ಕೂದ್ಲು ಸ್ಪ್ರೇ ಹೊಡೆದು ಎತ್ತಿ ನಿಲ್ಲಿಸೋದು. ವಿಗ್ ಬೇಡ, ಅವರದ್ದೇ ಕೂದ್ಲು ಹಿಂದಕ್ಕೆ ಬಾಚಣಿಗೇಲಿ ಕೆದರಿದ್ರೆ ಬರುತ್ತೆ. ಇನ್ನು ಉಣ್ಣೆ ಮೈ, ಚರ್ಮದ ತೋಳಿರೋ ಜಾಕೆಟ್ಟು, ಎಲ್ರಿಗೂ ಅದೇ ಬೇಕು ಅಂತಾರೆ. ಕೊಡ್ಬೇಡಿ. ಅದ್ರ ಎದೆ ಮೇಲಿನ ದೊಡ್ಡ ಅಕ್ಷರ ಸ್ಕೂಲ್ ಟೀಮಲ್ಲಿ ಆಡಿ ಗಳಿಸ್ಬೇಕಾದ್ದು, ದುಡ್ಡು ಕೊಟ್ಟು ಹಾಕ್ಕೊಳ್ಳೋದಲ್ಲ. ಒಬ್ಬನಿಗೆ ಕೊಡಿ, ಎರಡನೇ ಸೀನಲ್ಲಿ ಅದೇ ಜಾಕೆಟ್ ಅವನ ಹುಡುಗಿ ಮೈಮೇಲಿರ್ಲಿ, ಅಷ್ಟರಲ್ಲೇ ಸಭೆಗೆ ಎಲ್ಲಾ ಅರ್ಥ ಆಗುತ್ತೆ.

ಪಾತ್ರಗಳ ವಿಷ್ಯಕ್ಕೆ ಬಂದ್ರೆ, ಫುಟ್ಬಾಲ್ (ನಮ್ ಕಾಲ್ಚೆಂಡಲ್ಲ, ಚೆಂಡು ಕೈಲಿ ಹಿಡ್ಕೊಂಡು ಓಡೋ ಅಮೆರಿಕನ್ ಫುಟ್ಬಾಲ್) ಆಡೋ ಗೂಳಿ, ಪೊಂಪೊಂ ಹಿಡಿದ ಚಿಯರ್ ಲೀಡರ್, ದಪ್ಪ ಕನ್ನಡಕದ ಪುಸ್ತಕದ ಹುಳ, ಈ ಮೂರೇ ಮಾಡ್ತೀರಿ ಅಂತ ಗೊತ್ತು. ಮಾಡಿ, ಆದ್ರೆ ಅಷ್ಟಕ್ಕೇ ನಿಲ್ಲಿಸ್ಬೇಡಿ. 1972ರಲ್ಲಿ ಶಾಲೆಗಳಲ್ಲಿ ಹುಡುಗ ಹುಡುಗಿ ಅಂತ ಭೇದ ಮಾಡ್ಬಾರ್ದು ಅನ್ನೋ ಟೈಟಲ್ ನೈನ್ ಅಂತ ಕಾನೂನು ಬಂದ ಮೇಲೆ ಹುಡುಗೀರ ಬ್ಯಾಸ್ಕೆಟ್ಬಾಲ್, ವಾಲಿಬಾಲ್ ಟೀಮುಗಳೂ ಬೆಳೆದವು, ಒಬ್ಳು ಆಟಗಾರ್ತಿ ಇರ್ಲಿ. ಹೆಗಲ ಮೇಲೆ ಹೊರೆ ಥರ ಟ್ಯೂಬಾ ಅನ್ನೋ ದೊಡ್ಡ ಹಿತ್ತಾಳೆ ತುತ್ತೂರಿ ಹೊತ್ಕೊಂಡು ಓಡಾಡೋ ಬ್ಯಾಂಡ್ ಹುಡುಗ ಇರ್ಲಿ. ಸಂಜೆ ಕೆಲಸಕ್ಕೆ ಹೋಗೋನು ಒಬ್ಬ ಇರಲೇಬೇಕು. ನಮ್ಮಲ್ಲಿ ಓದೋ ಮಗ ಹೋಟ್ಲಲ್ಲಿ ಕೆಲಸ ಮಾಡ್ತಾನೆ ಅಂದ್ರೆ ಮನೇಲಿ ತಾಪತ್ರಯ ಅಂತ ಅರ್ಥ, ಅಲ್ಲಿ ಡಾಕ್ಟರ್ ಮಗನೂ ಬರ್ಗರ್ ಅಂಗಡೀಲಿ ಟೋಪಿ ಹಾಕ್ಕೊಂಡು ನಿಲ್ತಿದ್ದ. 1981ರಿಂದ ದಶಕ ಮುಗಿಯೋ ತನಕ ಕನಿಷ್ಠ ಕೂಲಿ ಗಂಟೆಗೆ 3 ಡಾಲರ್ 35 ಸೆಂಟ್ಸು, ಕದಲ್ಲಿಲ್ಲ. ಆ ದುಡ್ಡೆಲ್ಲಾ ಹೋಗ್ತಿದ್ದಿದ್ದು ಕಾರಿಗೆ, ಬಹಳ ರಾಜ್ಯಗಳಲ್ಲಿ 16ಕ್ಕೇ ಲೈಸೆನ್ಸು. ಕಾರಿಲ್ಲದ ಸೀನಿಯರ್ರು ಹಳದಿ ಬಸ್ಸಲ್ಲಿ ಚಿಕ್ಕ ಹುಡುಗ್ರ ಜೊತೆ ಬರ್ಬೇಕಾದ ಅವಮಾನ ಇದ್ಯಲ್ಲ, ಕ್ಯಾತ್ಸಂದ್ರದಿಂದ ಸಿಟಿ ಬಸ್ಸಲ್ಲಿ ನೇತಾಡ್ಕೊಂಡು ಬರೋವಾಗ ಕ್ಲಾಸ್‌ಮೇಟು ಬೈಕಲ್ಲಿ ಓವರ್‌ಟೇಕ್ ಮಾಡ್ಕೊಂಡು ಹೋದ್ರೆ ಎಂಗಾಗುತ್ತೋ ಹಂಗೆ.

ಮೊಬೈಲ್ ಇಲ್ಲ ಅನ್ನೋದನ್ನ ಎಲ್ಲರೂ ಮರೀತಾರೆ. ಮೊಟೊರೊಲಾದೋರ ಇಟ್ಟಿಗೆ ಗಾತ್ರದ ಮೊದಲ ಫೋನ್ ಮಾರಾಟಕ್ಕೆ ಬಂದಾಗ ಬೆಲೆ 3,995 ಡಾಲರು, ಹೈಸ್ಕೂಲ್ ಹುಡುಗ ಅದ್ರ ಹತ್ರಾನೂ ಸುಳಿಯಲ್ಲ. ಮನೇಲಿ ಅಡುಗೆಮನೆ ಗೋಡೆ ಮೇಲೆ ಒಂದೇ ಫೋನು, ಸುರುಳಿ ವೈರು ಎಳ್ಕೊಂಡು ಮೂಲೆಗೆ ಹೋಗಿ ಪಿಸುಗುಟ್ಟೋದು. ಸ್ಕೂಲಲ್ಲಿ ಅಂದ್ರೆ ಚೀಟಿ. ನೋಟ್‌ಬುಕ್ ಹಾಳೆ ಹರಿದು, ಬರೆದು, ಉದ್ದಕ್ಕೆ ಮಡಚಿ, ಮೂಲೆ ಒಳಗೆ ಸೇರಿಸಿ ಗಟ್ಟಿ ಚೌಕ ಮಾಡಿ ಒಂದು ತುದಿ ಮಾತ್ರ ಹೊರಗೆ ಬಿಡೋದು, ಮೇಲೆ "ಇಲ್ಲಿ ಎಳಿ" ಅಂತ ಬರೆಯೋದು. ಅದು ನಾಕು ಜನರ ಕೈ ದಾಟಿ ತಪ್ಪಾದೋರ ಕೈಗೆ ಸೇರ್ಬೇಕು, ಪ್ಲಾಟ್ ಸಿಕ್ಕಿಲ್ಲ ಅಂತ ಒದ್ದಾಡೋರಿಗೆ ಇಷ್ಟೇ ಸಾಕು. ಕಿವಿಗೆ ಕಿತ್ತಳೆ ಬಣ್ಣದ ಸ್ಪಂಜಿನ ಹೆಡ್‌ಫೋನು, ಸೊಂಟಕ್ಕೆ ವಾಕ್‌ಮನ್. ಕ್ಯಾಸೆಟ್ ಟೇಪು ಸಿಕ್ಕಾಕ್ಕೊಂಡಾಗ ಪೆನ್ಸಿಲ್ ತೂರಿಸಿ ತಿರುಗಿಸೋದಂತೂ ನಮ್ ಅಪ್ಪ ಅಮ್ಮಂದಿರಿಗೂ ಗೊತ್ತು, ಮುಂದಿನ ಸಾಲಲ್ಲಿ ಕೂತ ಪೇರೆಂಟ್ಸು ಚಪ್ಪಾಳೆ ಹೊಡೀತಾರೆ.

ಭಾಷೆ ಬಗ್ಗೆ ನಂದು ಖಡಾಖಂಡಿತ ಅಭಿಪ್ರಾಯ, ನಮ್ ತುಮಕೂರು ಕನ್ನಡದಲ್ಲೇ ಮಾತಾಡಿ. ಮೂಗಲ್ಲಿ ಇಂಗ್ಲಿಷ್ ಎಳೆಯೋದು, "ನಾನ್ ಟುಮಾರೊ ಕಮಿಂಗ್" ಅನ್ನೋದು ಮೊದಲ ಎರಡು ನಿಮಿಷ ನಗು ಬರುತ್ತೆ, ಆಮೇಲೆ ತಲೆನೋವು. ನಡವಳಿಕೆ, ವಸ್ತು, ಲೆಕ್ಕ ಎಲ್ಲಾ ಅಲ್ಲಿಂದು ಇರ್ಲಿ, ಬಾಯಿ ಮಾತ್ರ ನಮ್ದು. ಲಾಕರ್ ಮುಂದೆ ಇಬ್ರು ಹಿಂಗೆ ಮಾತಾಡ್ಲಿ:

"ಲೋ ಮೈಕ್, ಹಿಸ್ಟ್ರಿ ಬರ್ದಿದ್ಯೇನೋ?"

"ಎಲ್ಲೋ, ರಾತ್ರಿ ಹತ್ತರ ತನಕ ಬರ್ಗರ್ ತಿರುವಿ ಹಾಕಿದ್ದೇ ಆಯ್ತು."

"ಗಂಟೆಗೆ ಮೂರು ಮೂವತ್ತೈದಕ್ಕೆ ಇಷ್ಟು ಸಾಯ್ತೀಯಲ್ಲೋ."

"ಮತ್ತೆ ಕಾರಿಗೆ ಪೆಟ್ರೋಲ್ ನಿಮ್ಮಪ್ಪ ಹಾಕಿಸ್ತಾರಾ? ಸುಮ್ನೆ ನಿನ್ ಹಾಳೆ ಕೊಡು, ಬೆಲ್ ಹೊಡೆಯೋಕೆ ಎರಡು ನಿಮಿಷ ಇದೆ."

ಇದ್ರಲ್ಲಿ ಕೆಲಸ, ಕೂಲಿ, ಕಾರು, ಬೆಲ್ಲು ಎಲ್ಲಾ ಬಂತು, ಒಂದು ಕಡೆನೂ ಮಾಹಿತಿ ಕೊಡ್ತಿದೀವಿ ಅನ್ಸಲ್ಲ. ಬರೆಯೋರು ಈ ಥರ ಟ್ರೈ ಮಾಡಿ.

ಕಥೆಗೆ ಎರಡು ದಾರಿ ಇದೆ. ಒಂದು ಎಲ್ಲರೂ ಹಿಡಿಯೋದು, ಶರತ್ಕಾಲದ ಶುಕ್ರವಾರ ರಾತ್ರಿ ಫುಟ್ಬಾಲ್ ಮ್ಯಾಚು, ಇಲ್ಲಾ ಏಪ್ರಿಲ್ ಮೇನಲ್ಲಿ ಪ್ರಾಮ್ ಅನ್ನೋ ಸ್ಕೂಲಿನ ಡ್ಯಾನ್ಸ್ ಪಾರ್ಟಿ, ಬಾಡಿಗೆ ಕೋಟು, ಹುಡುಗಿ ಮಣಿಕಟ್ಟಿಗೆ ಹೂವು, ಯಾರು ಯಾರನ್ನ ಕರೀತಾರೆ ಅನ್ನೋ ಟೆನ್ಷನ್ನು. ಮಾಡ್ಬಹುದು, ಸೇಫು. ಇನ್ನೊಂದು ದಾರಿ ನನಗೆ ಇಷ್ಟ, 1986ರ ಜನವರಿ 28, ಮಂಗಳವಾರ. ನ್ಯೂ ಹ್ಯಾಂಪ್‌ಶೈರ್‌ನ ಕಾಂಕರ್ಡ್ ಅನ್ನೋ ಊರಿನ ಹೈಸ್ಕೂಲ್ ಸೋಶಿಯಲ್ ಸ್ಟಡೀಸ್ ಟೀಚರ್ ಕ್ರಿಸ್ಟಾ ಮೆಕಾಲಿಫ್, 11,000ಕ್ಕೂ ಹೆಚ್ಚು ಅರ್ಜಿಗಳಲ್ಲಿ ಆಯ್ಕೆಯಾಗಿ ಚಾಲೆಂಜರ್ ನೌಕೇಲಿ ಹೊರಟಿದ್ರು, ಬಾಹ್ಯಾಕಾಶದಿಂದ ಪಾಠ ಮಾಡೋ ಪ್ಲಾನು. ದೇಶದ ಎಷ್ಟೋ ಶಾಲೆಗಳಲ್ಲಿ ಚಕ್ರದ ಸ್ಟ್ಯಾಂಡ್ ಮೇಲೆ ಟೀವಿ ತಳ್ಕೊಂಡು ಬಂದು ಲೈವ್ ತೋರಿಸ್ತಿದ್ರು. 73 ಸೆಕೆಂಡಿಗೆ ನೌಕೆ ಒಡೆದುಹೋಯ್ತು, ಏಳೂ ಜನ ಹೋದ್ರು. ಇದನ್ನ ಮಾಡೋದಾದ್ರೆ ಟೀವಿ ಬೆನ್ನು ಸಭೆ ಕಡೆ ಇರ್ಲಿ, ಪರದೆ ತೋರಿಸ್ಲೇಬೇಡಿ, ಪ್ರೊಜೆಕ್ಟರಲ್ಲಿ ನಿಜವಾದ ವಿಡಿಯೋ ಹಾಕೋದಂತೂ ಬೇಡ್ವೇ ಬೇಡ. ಎಣಿಕೆಗೆ ಹುಡುಗ್ರು ಕೂಗ್ತಾರೆ, ಚಪ್ಪಾಳೆ, ಆಮೇಲೆ ಒಬ್ಬೊಬ್ರದೇ ನಗು ನಿಲ್ಲುತ್ತೆ, ಕೆಲವ್ರಿಗೆ ಇನ್ನೂ ಏನಾಯ್ತು ಅಂತ ಗೊತ್ತಾಗಿರಲ್ಲ. ಮೇಷ್ಟ್ರು ಹೋಗಿ ಟೀವಿ ಆರಿಸ್ಲಿ. ಅಲ್ಲಿ ಮ್ಯೂಸಿಕ್ ತುಂಬಿಸ್ಬೇಡಿ, ಕೀಬೋರ್ಡ್ ಹುಡುಗ ಎಷ್ಟು ಗೋಗರೆದ್ರೂ ಸರಿ. ಆಮೇಲೆ ಬೆಲ್ ಹೊಡೆಯುತ್ತೆ, ಮುಂದಿನ ಪೀರಿಯಡ್ಡಿಗೆ ಹೋಗಲೇಬೇಕು, ಎಲ್ಲರೂ ಎದ್ದು ಅದೇ ಕಾರಿಡಾರಿಗೆ ಬರ್ತಾರೆ. ಬೆಳಗ್ಗೆ ಧಡ್ ಅಂತ ಮುಚ್ಚಿದ ಲಾಕರನ್ನ ಈಗ ಹೆಂಗೆ ಮುಚ್ತಾರೆ ಅನ್ನೋದನ್ನ ನಿಮ್ಮ ನಟರಿಗೇ ಬಿಡಿ.

ಕೊನೇದಾಗಿ ಒಸಿ ಟೆಕ್ನಿಕಲ್ ವಿಷ್ಯ. ಬೆಲ್ಲಿಗೆ ನಮ್ ಹಿತ್ತಾಳೆ ಗಂಟೆ ಬೇಡ, ಕರೆಂಟ್ ಬೆಲ್ಲಿನ ಕರ್ಕಶ ಸದ್ದು ಬೇಕು, ಅದನ್ನ ಹೊಡೆಯೋಕೆ ಸ್ಕ್ರಿಪ್ಟ್ ಪೂರ್ತಿ ಬಾಯಿಪಾಠ ಇರೋ ಒಬ್ಬನ್ನ ಕೂರಿಸಿ, ಅವನಿಗೆ ಬೇರೆ ಪಾತ್ರ ಕೊಡ್ಬೇಡಿ. ಕಾಲರ್ ಮೈಕ್ ಡೆನಿಮ್ ಜಾಕೆಟ್ಟಿಗೆ ಉಜ್ಜಿ ಗರಗರ ಅನ್ನುತ್ತೆ, ಒಳಗಿನ ಟೀ ಶರ್ಟಿಗೆ ಸಿಕ್ಸಿ. ಗುಬ್ಬಿ ವೀರಣ್ಣ ರಂಗಮಂದಿರದಂಥ ಕಡೆ ಮಾಡೋದಾದ್ರೆ ಹಿಂದಿನ ದಿನಾನೇ ಹೋಗಿ ಸ್ಟೇಜ್ ಅಳತೆ ತಗೊಳ್ಳಿ, ಲಾಕರ್ ಸಾಲು ಸ್ವಲ್ಪ ಓರೆಯಾಗಿ ಇಡಿ, ನೇರ ಇಟ್ರೆ ಲಾಕರ್ ತೆಗೆಯೋರ ಬೆನ್ನು ಮಾತ್ರ ಕಾಣುತ್ತೆ. ಗುಂಪಲ್ಲಿ ಓಡಾಡೋರಿಗೆ ಬಲಗಡೆ ನಡೆಯೋದು ಕಲಿಸಿ, ಅವರ ರಸ್ತೆ ಥರಾನೇ ಕಾರಿಡಾರಲ್ಲೂ ಬಲಕ್ಕೇ ಹೋಗೋ ರೂಢಿ, ನಮ್ಮೋರು ಎಡಕ್ಕೆ ಬಂದು ಡಿಕ್ಕಿ ಹೊಡ್ಕೊಳ್ತಾರೆ. ಅಟೆಂಡರ್ ಅಣ್ಣನ ಬೀರು ಅವತ್ತು ರಾತ್ರಿನೇ ವಾಪಸ್ ಇಡಿ, ಮುಂದಿನ ವರ್ಷ ಜೂನಿಯರ್ಸಿಗೂ ಬೇಕಾಗುತ್ತೆ.